ಕೊತ್ತೂರು ಬಸ್ಸಿನ ಬಸ್ಸೆತ್ತಿಗಿಲು

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ವರ್ಷ ನಾನು ಕೋಲಾರ ಜಿಲ್ಲೆಯ ಒಂದು ಬಸ್ ಡಿಪೋದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ. ಯಾವ ಡಿಪೋ ಎಂದು ಕೇಳಬೇಡಿ. ಈ ಕಥೆಯಲ್ಲಿ ಬರುವವರಲ್ಲಿ ಕೆಲವರು ಇನ್ನೂ ಸರ್ವೀಸಿನಲ್ಲಿದ್ದಾರೆ, ಹೆಸರುಗಳನ್ನೂ ಬದಲಿಸಿದ್ದೇನೆ. ಟ್ರಾಫಿಕ್ ಕಂಟ್ರೋಲರ್ ಎಂದರೆ ಸರ್ಕಲ್ಲಿನಲ್ಲಿ ನಿಂತು ವಾಹನಗಳಿಗೆ ಕೈ ತೋರಿಸುವವನು ಎಂದು ನನ್ನ ಬೀಗರೇ ಬಹಳ ಕಾಲ ತಿಳಿದುಕೊಂಡಿದ್ದರು. ಅಲ್ಲ. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್, ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ತಡವಾದರೆ ಯಾಕೆ ತಡವಾಯಿತು, ಇದನ್ನೆಲ್ಲ ನೋಡಿಕೊಳ್ಳುವುದು ಅವನ ಕೆಲಸ. ಬಸ್ಸು ಸರಿಯಾಗಿ ಓಡಿದರೆ ಅವನ ಹೆಸರು ಯಾರಿಗೂ ನೆನಪಾಗುವುದಿಲ್ಲ.

ನನ್ನ ಸ್ವಭಾವದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ತಡ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯಲ್ಲಿ ಕಾಫಿ ತಡವಾದರೂ "ಕಾರಣ?" ಎಂದು ಕೇಳಿ ಹೆಂಡತಿಯಿಂದ ಬೈಸಿಕೊಂಡವನು ನಾನು. ಹಾಗಿರುವಾಗ ಆ ಧನುರ್ಮಾಸದಲ್ಲಿ ನಮ್ಮ ಕೊತ್ತೂರು ಬಸ್ಸು ದಿನಾ ಸಂಜೆ ಮುಕ್ಕಾಲು ಗಂಟೆ ತಡವಾಗಿ ಊರು ಸೇರುತ್ತಿದೆ ಎಂದು ಗೊತ್ತಾದಾಗ ನನಗೆ ಹೇಗಾಗಿರಬೇಕು, ನೀವೇ ಊಹಿಸಿ.

ಕೊತ್ತೂರು ಇರುವುದು ರಾಯಲ್ಪಾಡಿನಿಂದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡು. ದಾರಿಯುದ್ದಕ್ಕೂ ಮಾವಿನ ತೋಪು, ಟೊಮೆಟೊ ಹೊಲ, ಕೊನೆಗೊಂದು ದೊಡ್ಡ ಕೆರೆ. ರಸ್ತೆ ಇರುವುದು ಕೆರೆಕಟ್ಟೆಯ ಮೇಲೆಯೇ. ಕಟ್ಟೆ ದಾಟಿದರೆ ಊರು. ಅಲ್ಲಿಯ ಜನ ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಬಸ್ಸಿನಲ್ಲಿ ಕನ್ನಡ, ಜಗಳಕ್ಕೆ ಎರಡನ್ನೂ ಬಳಸುತ್ತಾರೆ. ಆ ಊರಿಗೆ ಹೋಗುತ್ತಿದ್ದುದು ನೈಟ್ ಹಾಲ್ಟ್ ಬಸ್. ಎಂದರೆ ಸಂಜೆ ಕೋಲಾರ ಬಿಟ್ಟು ಕತ್ತಲಾಗುವ ಹೊತ್ತಿಗೆ ಊರು ಸೇರುವುದು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗುವುದು, ಬೆಳಿಗ್ಗೆ ಮೊದಲ ಟ್ರಿಪ್ ಅಲ್ಲಿಂದಲೇ ಹೊರಡುವುದು. ಕೋಲಾರದ ಕಾಲೇಜುಗಳಿಗೆ ಹೋಗುವ ಆ ಭಾಗದ ಹುಡುಗಿಯರಿಗೆಲ್ಲ ಆ ಬೆಳಗಿನ ಬಸ್ಸೇ ಗತಿ. ಅದು ನಿಂತರೆ ಅವರ ಓದೂ ನಿಂತ ಹಾಗೆ.

ನೈಟ್ ಹಾಲ್ಟ್ ಎಂದರೆ ನಮ್ಮ ಸಿಬ್ಬಂದಿ ಮೂಗು ಮುರಿಯುತ್ತಾರೆ. ಸೊಳ್ಳೆ, ನಾಯಿಗಳ ಕೂಗು, ಸೀಟಿನ ಮೇಲೆ ಕಾಲು ಮಡಚಿಕೊಂಡು ನಿದ್ದೆ. ಕೊತ್ತೂರಿನವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಊರಿಗೆ ಬಸ್ಸು ಬಂದ ಕಾಲದಿಂದಲೂ ಡ್ರೈವರ್ ಕಂಡಕ್ಟರ್ ಇಬ್ಬರ ರಾತ್ರಿ ಊಟ ಊರಿನದೇ. ಅದಕ್ಕೆ ಮನೆಮನೆಗೂ ಸರದಿ. ಸರದಿ ಬಂದ ಮನೆಯಲ್ಲಿ ಆ ದಿನ ನೆಂಟರು ಬಂದಷ್ಟೇ ಸಡಗರ. ಚಳಿಗಾಲವಾದರೆ ಮುದ್ದೆ, ಹಿದುಕಿದ ಅವರೆಬೇಳೆ ಸಾರು. ಸರದಿ ತಪ್ಪಿಸುವುದು ಆ ಊರಿನಲ್ಲಿ ಮರ್ಯಾದೆಗೇಡಿನ ವಿಷಯ. ಹಾಗಾಗಿ ಬಸ್ಸು ತಡವಾಗುತ್ತಿದೆ ಎಂಬ ದೂರು ನನಗೆ ಬಂದದ್ದೂ ಅಡುಗೆಮನೆಯ ಕಡೆಯಿಂದಲೇ.

ಫೋನ್ ಮಾಡಿದವರು ಗಂಗುಲಮ್ಮ. ರಾಯಲ್ಪಾಡಿನಲ್ಲಿ ಸೊಪ್ಪು ಮಾರಿ ಸಂಜೆ ಅದೇ ಬಸ್ಸಿನಲ್ಲಿ ಊರಿಗೆ ಮರಳುತ್ತಿದ್ದ ಅರವತ್ತರ ಹೆಂಗಸು. ಬಸ್ಸಿನಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. "ಬಸ್ಸು ಕಟ್ಟೆ ತಾವ ನಿಂತೋಗ್ತೈತೆ ಸಾರ್. ಡ್ರೈವರಣ್ಣ ಇಳ್ದು ಟೈರ್ ಒದೀತಾ ನಿಂತ್ಕೋತಾನೆ. ನಾವು ನಡ್ಕೊಂಡು ಊರು ಸೇರ್ತೀವಿ. ಮಾಡಿದ್ ಸಾರು ಆರೋಗ್ತೈತೆ" ಎಂದರು. ಹುಡುಗಿಯರು ನಡೆಯುವುದಕ್ಕಿಂತ ಸಾರು ಆರುವುದೇ ಅವರಿಗೆ ದೊಡ್ಡ ಅನ್ಯಾಯವಾಗಿ ಕಂಡಂತಿತ್ತು.

ಆ ಬಸ್ಸಿನ ಡ್ರೈವರ್ ಚೌಡಪ್ಪ. ಐವತ್ತೆಂಟು ವಯಸ್ಸು, ದಪ್ಪ ಮೀಸೆ, ಮೆತ್ತಗಿನ ಮಾತು. ಇಡೀ ಸರ್ವೀಸಿನಲ್ಲಿ ಒಂದು ಅಪಘಾತವಿಲ್ಲ. ಹಾರ್ನ್ ಹೊಡೆಯುವುದಕ್ಕೂ ಸಂಕೋಚಪಡುವ ಮನುಷ್ಯ. ಅವನಿಗೊಂದು ಅಭ್ಯಾಸವಿತ್ತು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಹಿಂದಿನ ಸೀಟಿನವರೆಗೂ ನಡೆದು, ಯಾರಾದರೂ ನಿದ್ದೆ ಹೋಗಿ ಉಳಿದುಬಿಟ್ಟಿದ್ದಾರೆಯೇ ಎಂದು ನೋಡಿಬರುತ್ತಿದ್ದ. ಅದು ಕಂಡಕ್ಟರ್ ಕೆಲಸ. ಆದರೂ ಚೌಡಪ್ಪ ತಾನೇ ಹೋಗಿ ನೋಡದೆ ಬಸ್ಸಿನಿಂದ ಇಳಿಯುತ್ತಿರಲಿಲ್ಲ.

ಕರೆಸಿ ಕೇಳಿದೆ. ಮೊದಲು ಟೈರ್ ಎಂದ. ಟೈರ್ ನೋಡಿಸಿದೆವು, ಸರಿಯಿತ್ತು. ಬ್ರೇಕ್ ಎಂದ. ಮೆಕ್ಯಾನಿಕ್ ಬಸ್ಸಿನ ಕೆಳಗೆ ಹೋಗಿ ಬಂದು, "ಈ ಬ್ರೇಕ್ ನನ್ನ ಮದ್ವೆ ದಿನ ಇದ್ದಿದ್ರೆ ಚೆನ್ನಾಗಿತ್ತು ಸಾರ್, ಅಷ್ಟು ಚೆನ್ನಾಗಿ ಹಿಡಿಯುತ್ತೆ" ಎಂದ. ಕೊನೆಗೆ ಬಾಗಿಲು ಮುಂದೆ ಮಾಡಿ, ಟೀ ತರಿಸಿ, ಸುಮ್ಮನೆ ಕೂತೆ. ಚೌಡಪ್ಪ ಟೀ ಕುಡಿದು ಮುಗಿಸಿ, ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ವಿಷಯ ಹೇಳಿದ.

ಕೆಲವು ವಾರಗಳ ಹಿಂದೆ ಮುಸ್ಸಂಜೆಯಲ್ಲಿ ಕಟ್ಟೆಯ ಬಳಿ ಬರುವಾಗ ಅವನು ಎದುರಿನ ಆಕಾಶದಲ್ಲಿ ದೀಪಗಳ ಸಾಲೊಂದನ್ನು ಕಂಡಿದ್ದ. ಸದ್ದಿಲ್ಲ, ಮಿನುಗುವುದೂ ಇಲ್ಲ. ಒಂದರ ಹಿಂದೆ ಒಂದು, ನೇರವಾಗಿ ಮೇಲೇರುತ್ತ ಹೋಗಿ ಮಾಯವಾದವು. ಕಂಡಕ್ಟರ್ ಆಂಜಿ ತಲೆ ತಗ್ಗಿಸಿ ಟಿಕೆಟ್ ಮೆಷಿನ್ ನೋಡುತ್ತಿದ್ದನಂತೆ, ಅವನಿಗೆ ಕಾಣಲಿಲ್ಲ. ಕಂಡ ನಾಲ್ಕಾರು ಪ್ರಯಾಣಿಕರು ಮಿಲಿಟರಿಯವರದ್ದು ಇರಬೇಕು ಎಂದು ಅಲ್ಲಿಗೇ ಬಿಟ್ಟರು. ಚೌಡಪ್ಪ ಬಿಡಲಿಲ್ಲ. ಮಗಳ ಫೋನಿನಲ್ಲಿ ಹುಡುಕಿದ. ಹುಡುಕಿದವನಿಗೆ ಫೋನು ಕೈತುಂಬ ಕೊಟ್ಟಿತು. ಹಾರುವ ತಟ್ಟೆಗಳು, ದನಗಳನ್ನು ಬೆಳಕಿನಲ್ಲಿ ಮೇಲಕ್ಕೆ ಎಳೆದುಕೊಳ್ಳುವುದು, ಬೇರೆ ಲೋಕದವರು ಲಾರಿಯನ್ನೇ ಎತ್ತಿಕೊಂಡು ಹೋಗುವುದು. ಒಂದು ನೋಡಿದರೆ ಅದರ ಹಿಂದೆ ಹತ್ತು ಬರುತ್ತಿದ್ದವು.

"ಅವತ್ತಿಂದ ಕಟ್ಟೆ ಹತ್ರ ಬಂದ್ರೆ ಆಗಲ್ಲ ಸಾರ್. ಕೈ ಸ್ಟೇರಿಂಗ್ ಮೇಲೆ ಸರಿಯಾಗೇ ಇರುತ್ತೆ. ಕಾಲು ನನ್ ಮಾತು ಕೇಳಲ್ಲ" ಎಂದ.

ನಾನು ನಗಲಿಲ್ಲ. ನಗು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನ ಮುಖ ನೋಡಿ ನಿಲ್ಲಿಸಿಕೊಂಡೆ. ನನ್ನ ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅದು ಒಟ್ಟಿಗೆ ಹಾರಿಸಿದ ಉಪಗ್ರಹಗಳ ಸಾಲು, ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಅವುಗಳ ಮೇಲೆ ಬಿಸಿಲು ಬಿದ್ದು ನೆಲದಿಂದ ಕಾಣುತ್ತವೆ, ಇಂಟರ್‌ನೆಟ್ ಕೊಡುವುದಕ್ಕೆ ಬಿಟ್ಟಿರುವುದು ಎಂದು ಅವರು ವಿವರಿಸಿದರು. ಸ್ಪೀಕರಿನಲ್ಲಿ ಹಾಕಿ ಕೇಳಿಸಿದೆ. ಚೌಡಪ್ಪ ಪೂರ್ತಿ ಕೇಳಿ, ವಿನಯದಿಂದ ಹೇಳಿದ: "ತಲೆಗೆ ಗೊತ್ತಾಯ್ತು ಸಾರ್. ಕಾಲಿಗೆ ಗೊತ್ತಾಗಲಿಲ್ಲ."

ಇಲ್ಲಿ ಒಂದು ನಿಯಮವನ್ನು ಹೇಳಬೇಕು. ಭಯದಿಂದ ಬಸ್ ಓಡಿಸಲಾಗುತ್ತಿಲ್ಲ ಎಂದು ಡ್ರೈವರ್ ಒಪ್ಪಿಕೊಂಡರೆ ಅದನ್ನು ನಾನು ಮೇಲಕ್ಕೆ ತಿಳಿಸಲೇಬೇಕು. ತಿಳಿಸಿದ ಮೇಲೆ ವೈದ್ಯಕೀಯ ತಪಾಸಣೆ, ಅದು ಮುಗಿಯುವವರೆಗೆ ಅವನನ್ನು ಸ್ಟೇರಿಂಗಿನಿಂದ ಇಳಿಸಿ ಡಿಪೋ ಗೇಟಿನಲ್ಲೋ ಸ್ಟೋರಿನಲ್ಲೋ ಕೂರಿಸುವುದು. ನಿಯಮ ತಪ್ಪಲ್ಲ, ಒಬ್ಬ ಡ್ರೈವರಿನ ಬೆನ್ನ ಹಿಂದೆ ಐವತ್ತು ಜೀವ ಕೂತಿರುತ್ತವೆ. ಆದರೆ ಐವತ್ತೆಂಟಕ್ಕೆ ಹಾಗೆ ಇಳಿದವನು ಮತ್ತೆ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಚೌಡಪ್ಪನಿಗೂ ಅದು ಗೊತ್ತಿತ್ತು. "ಏನಾದ್ರೂ ಮಾಡಿ ಸಾರ್, ಸ್ಟೇರಿಂಗ್ ಮಾತ್ರ ಬಿಡಿಸ್ಬೇಡಿ. ಗೇಟಲ್ಲಿ ಕೂತು ಬೇರೆಯೋರು ಓಡ್ಸೋದನ್ನ ನೋಡೋಕಾಗಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅವನನ್ನು ಬೇರೆ ದಾರಿಗೆ ಹಾಕೋಣವೆಂದರೆ ಕೊತ್ತೂರು ನೈಟ್ ಹಾಲ್ಟಿಗೆ ಇನ್ನೊಬ್ಬ ಡ್ರೈವರ್ ಒಪ್ಪುತ್ತಿರಲಿಲ್ಲ.

ಅವನಿಗೆ ಎರಡು ದಿನ ರಜೆ ಹಾಕಿಸಿ, ನಾನು ಡಿಪೋ ಮ್ಯಾನೇಜರ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ನೇರ ಮಾತಿನವರು. "ಡಾಕ್ಟರಿಗೆ ತೋರಿಸಿ. ಅವರು ಓಡಿಸಬಹುದು ಅಂದ್ರೆ ಒಂದು ವಾರ ಕೊಡ್ತೀನಿ, ನೀವೇ ಬಸ್ಸಲ್ಲಿ ಹೋಗಿ ನೋಡಿ. ಆಮೇಲೂ ಹಿಂಗೇ ಅಂದ್ರೆ ಅವರು ಇಳೀಬೇಕು, ಟ್ರಿಪ್ ಕಟ್ ಆಗುತ್ತೆ" ಎಂದರು. ಟ್ರಿಪ್ ಕಟ್ ಎಂದರೆ ಬಸ್ಸು ರಾಯಲ್ಪಾಡಿನಿಂದಲೇ ವಾಪಸ್. ಕೊತ್ತೂರಿಗೆ ಬಸ್ಸಿಲ್ಲ.

ಕೋಲಾರದಲ್ಲಿ ನನಗೆ ಪರಿಚಯದ ಮನೋವೈದ್ಯರೊಬ್ಬರಿದ್ದರು. ಚೌಡಪ್ಪನನ್ನು ಕರೆದುಕೊಂಡು ಹೋದೆ. ಅವರು ಸಮಾಧಾನದಿಂದ ಕೇಳಿದರು, ಪರೀಕ್ಷಿಸಿದರು. ಕಟ್ಟೆಯ ಮೇಲೆ ಹೋದಾಗ ಎಂದಾದರೂ ಬಸ್ಸು ನಿಲ್ಲಿಸಿದ್ದೀರಾ ಎಂದು ಎರಡು ಮೂರು ಸಲ ಕೇಳಿದರು. ಇಲ್ಲ, ನಿಲ್ಲಿಸುವುದು ಯಾವಾಗಲೂ ಕಟ್ಟೆಗೆ ಮೊದಲೇ, ಎಲ್ಲರನ್ನೂ ಇಳಿಸಿ, ಪೂರ್ತಿ ಕತ್ತಲಾದ ಮೇಲೆ ಖಾಲಿ ಬಸ್ಸನ್ನು ದಾಟಿಸುತ್ತೇನೆ ಎಂದ. ವೈದ್ಯರು ನನ್ನ ಕಡೆ ತಿರುಗಿ, ಓಡಿಸಬಹುದು, ಜೊತೆಗೆ ನೀವಿರಿ, ಬಲವಂತ ಮಾಡಬೇಡಿ, ನಿಂತರೆ ನಿಲ್ಲಲಿ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಚೌಡಪ್ಪ ಹೊರಡುವಾಗ ಕುತೂಹಲಕ್ಕೆ, "ಇದಕ್ಕೆ ಏನಂತಾರೆ ಸಾರ್?" ಎಂದು ಕೇಳಿದ. ಅವರು, "ಯುಎಫ್‌ಒ ಅಂದ್ರೆ ಗುರುತು ಸಿಗದ ಹಾರುವ ವಸ್ತು. ಅದರ ಭಯಕ್ಕೆ ಯುಫೋಫೋಬಿಯಾ ಅಂತ ಕೆಲವರು ಕರೀತಾರೆ" ಎಂದುಬಿಟ್ಟರು.

ಚೌಡಪ್ಪನ ಮುಖ ಬಿಳಿಚಿಕೊಂಡಿತು. ಮೆಟ್ಟಿಲಿಳಿಯುತ್ತ ನನ್ನ ತೋಳು ಹಿಡಿದು, "ಹೆಸರೇ ಇಷ್ಟು ದೊಡ್ಡದು ಸಾರ್, ಕಾಯಿಲೆ ಇನ್ನೆಷ್ಟು ದೊಡ್ಡದಿರಬೇಕು!" ಎಂದ. ದಾರಿಯಲ್ಲಿ ಟೀ ಕುಡಿಸಿದೆ, ಮಸಾಲೆ ದೋಸೆ ತಿನ್ನಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಆಸ್ಪತ್ರೆಗೆ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಹೆದರಿಕೊಂಡು ಮನೆಗೆ ಹೋದ.

ಮೊದಲ ಸಂಜೆ ನಾನು ಬಾನೆಟ್ ಪಕ್ಕದ ಸೀಟಿನಲ್ಲಿ ಕೂತು ಹೊರಟೆ. ಶ್ರೀನಿವಾಸಪುರ ದಾಟಿತು, ರಾಯಲ್ಪಾಡು ದಾಟಿತು. ಬಸ್ಸು ಹೂವಿನಂತೆ ಹೋಗುತ್ತಿತ್ತು. ಕಟ್ಟೆಯ ಮೊದಲಿಗೆ ಬಂದು ನಿಂತಿತು. ಚೌಡಪ್ಪ ಇಳಿದ, ಟೈರಿನ ಹತ್ತಿರ ಹೋದ. ಯಾರೂ ಗೊಣಗಲಿಲ್ಲ, ಚೀಲ ಬುಟ್ಟಿ ಎತ್ತಿಕೊಂಡು ಅಭ್ಯಾಸವಾದವರಂತೆ ನಡೆದರು. ಗಂಗುಲಮ್ಮ ನನ್ನ ಜೊತೆ ಹೆಜ್ಜೆ ಹಾಕುತ್ತ ಡಾಕ್ಟರು ಏನಂದರು ಎಂದು ಕೇಳಿದರು. ಚೌಡಪ್ಪನೇ ಅಷ್ಟು ಹೊತ್ತಿಗೆ ತನ್ನ ಸಂಕಟವನ್ನು ಆಂಜಿಗೆ ಹೇಳಿ, ಆಂಜಿ ಇಡೀ ಬಸ್ಸಿಗೆ ಹೇಳಿ ಆಗಿತ್ತು, ನಾನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಆ ಇಂಗ್ಲಿಷ್ ಹೆಸರನ್ನು ಹೇಳಿದೆ.

ಗಂಗುಲಮ್ಮ ನಿಂತುಬಿಟ್ಟರು. "ಅಯ್ಯೋ ರಾಮಾ, ಅಂಥ ಹೆಸ್ರು ನಮ್ಮೂರಿಗೆ ಬಸ್ಸಲ್ಲಿ ಬರೋಕಾಯ್ತದಾ ಸಾರ್? ಲಾರೀಲಿ ಹಾಕ್ಕೊಂಡು ಬರ್ಬೇಕು. ಅದ್ಕೇ ಹೆದ್ರವ್ನೆ ಆ ಅಣ್ಣ. ಇಷ್ಟು ಭಯಕ್ಕೆ ಅಷ್ಟು ಹೆಸ್ರು ಯಾಕೆ? ಚಿಕ್ಕದಾಗಿ ಒಂದು ನಾವೇ ಇಟ್ಟರಾಯ್ತು" ಎಂದರು. ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. ಊರು ಮುಟ್ಟುವುದರೊಳಗೆ ಹೆಸರಿಡುವ ಕೆಲಸ ಶುರುವಾಗಿತ್ತು.

ಮಾರನೆಯ ದಿನ ಬಸ್ಸು ರಾಯಲ್ಪಾಡು ಬಿಟ್ಟಿದ್ದೇ ತಡ, ಹಿಂದಿನ ಸೀಟುಗಳಿಂದ ಹೆಸರುಗಳು ಬರತೊಡಗಿದವು. ಹುಡುಗಿಯರು ಕಾಲೇಜಿನಲ್ಲಿ ಕೂತು ತಯಾರಿ ಮಾಡಿಕೊಂಡು ಬಂದಿದ್ದರು. "ತಟ್ಟೆದಿಗಿಲು" ಎಂದಳು ಒಬ್ಬಳು, ಹಾರುವ ತಟ್ಟೆಯ ದಿಗಿಲು. "ಬಾನ್‌ಪುಕಪುಕ" ಎಂದಳು ಇನ್ನೊಬ್ಬಳು. ಮತ್ತೊಬ್ಬಳದು "ಯುಫೋದರಿಕೆ", ಅರ್ಧ ಇಂಗ್ಲಿಷ್ ಅರ್ಧ ಹೆದರಿಕೆ. ಹಿಂದಿನಿಂದ ಒಬ್ಬ ಹೋಟೆಲ್ ಕೆಲಸದವನು "ತಟ್ಟೆಇಡ್ಲಿಪುಕ್ಕಲು" ಎಂದು ಕೂಗಿದ. ಗಂಗುಲಮ್ಮ ತೆಲುಗಿನಲ್ಲೇ ಇರಲಿ ಎಂದು "ಪಳ್ಳೆಂದಡ" ಎಂದರು. ಪಳ್ಳೆಂ ಎಂದರೆ ತಟ್ಟೆ, ದಡ ಎಂದರೆ ಎದೆ ಹೊಡೆದುಕೊಳ್ಳುವುದು. ನನಗೂ ಸುಮ್ಮನಿರಲಾಗಲಿಲ್ಲ. ಶಾಲೆಯಲ್ಲಿ ಕಲಿತ ಕನ್ನಡವನ್ನೆಲ್ಲ ಒಟ್ಟುಹಾಕಿ "ಅಜ್ಞಾತಗಗನಯಾನಭೀತಿ" ಎಂದೆ. "ಇದು ಡಿಪೋ ಸರ್ಕ್ಯುಲರ್ ಇದ್ದಂಗದೆ ಸಾರ್, ಗೋಡೆಗೆ ಅಂಟಿಸ್ಬೋದು" ಎಂದ ಆಂಜಿ. ಅದರ ಮೇಲೆ ಎದ್ದ ನಗು ನನ್ನ ಖರ್ಚಿನಲ್ಲೇ ಆದರೂ ನನಗೆ ಖುಷಿಯಾಯಿತು.

ಆಂಜಿ ಇನ್ನೂ ಮುಂದೆ ಹೋದ. ಟಿಕೆಟ್ ಮೆಷಿನ್ ಹಿಡಿದು ಚೌಡಪ್ಪನ ಹಿಂದೆ ನಿಂತು, "ಚೌಡಪ್ಪಣ್ಣ, ನಿನ್ ಭಯಾನೂ ದಿನಾ ಬಸ್ಸಲ್ಲಿ ಬರ್ತೈತಲ್ಲ, ಟಿಕೆಟ್ ತಗೋಬೇಕು. ಹೆಂಗ್ಸಾ ಗಂಡ್ಸಾ ಹೇಳು. ಹೆಂಗ್ಸಾದ್ರೆ ಆಧಾರ್ ಕಾರ್ಡ್ ತೋರ್ಸ್ಲಿ, ಫ್ರೀ" ಎಂದ.

ಕನ್ನಡಿಯಲ್ಲಿ ಚೌಡಪ್ಪನ ಮುಖ ನೋಡಿದೆ, ಗಂಟಿಕ್ಕಿತ್ತು. ಕಟ್ಟೆಯ ಮೊದಲಿಗೆ ಬಂದದ್ದೇ ಬಸ್ಸು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಧಡ್ ಎಂದು ಬಾಗಿಲು ಹಾಕಿದ. "ನಗ್ರಿ, ನಗ್ರಿ. ನಿಮಗೆಲ್ಲ ಆಟ" ಎಂದ. ಮೆತ್ತಗಿನ ಮನುಷ್ಯ ಸಿಟ್ಟಾದರೆ ಸುತ್ತಲಿನವರಿಗೆ ಬೇಗ ನಾಚಿಕೆಯಾಗುತ್ತದೆ. ಎಲ್ಲರೂ ತಲೆ ತಗ್ಗಿಸಿ ಇಳಿದರು. ನಾನು ಕೆಲಸ ಕೆಡಿಸಿದೆ ಎಂದುಕೊಂಡು ಬೇಜಾರಿನಿಂದ ಕೆಳಗೆ ನಿಂತೆ.

ಗಂಗುಲಮ್ಮ ಮಾತ್ರ ಸೊಪ್ಪಿನ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನೇರವಾಗಿ ಅವನ ಮುಂದೆ ಹೋದರು. "ನಗ್ತಿಲ್ಲಣ್ಣ, ಹೆಸ್ರು ಹುಡುಕ್ತಿದೀವಿ. ಭಯ ನಿಂದು. ಯಾವ್ದು ಸರಿ ಯಾವ್ದು ತಪ್ಪು ನೀನೇ ಹೇಳ್ಬೇಕು. ತಟ್ಟೆದಿಗಿಲು ಆಯ್ತದಾ?"

ಚೌಡಪ್ಪ ಮುಖ ತಿರುಗಿಸಿದ. ಆದರೂ ತಪ್ಪು ತಿದ್ದದೆ ಇರಲಾಗದವನಂತೆ, "ತಟ್ಟೆ ಎಲ್ಲಿತ್ತಕ್ಕ? ನಾನ್ ನೋಡಿದ್ದು ಸಾಲು" ಎಂದ.

"ಸರಿ, ತಟ್ಟೆ ಹೋಯ್ತು. ಬಾನ್‌ಪುಕಪುಕ?"

"ಪುಕಪುಕ ಅನ್ನೋದು ಎದೇಲಿ. ನಂದು ಕಾಲಲ್ಲಿ."

"ಕಾಲ್ನಡುಕ ಅಂತ ಇಡೋಣ" ಎಂದಳು ಒಬ್ಬ ಹುಡುಗಿ ಮೆಲ್ಲಗೆ.

"ನಡುಗಲ್ಲಮ್ಮ. ಕಲ್ಲಾಗ್ಬಿಡುತ್ತೆ."

ನಾನು ಗಮನಿಸುತ್ತ ನಿಂತಿದ್ದೆ. ಡಾಕ್ಟರ ಮುಂದೆಯೂ ಇಷ್ಟು ಬಿಡಿಸಿ ಹೇಳದವನು ಇಲ್ಲಿ ಒಂದೊಂದು ಹೆಸರನ್ನೂ ತಳ್ಳಿಹಾಕುತ್ತ, ಭಯ ಎಲ್ಲಿದೆ, ಹೇಗಿದೆ ಎಂದು ತಾನಾಗಿಯೇ ಹೇಳುತ್ತಿದ್ದ. ಸಿಟ್ಟು ಹೋಗಿ ಅವನ ದನಿಯಲ್ಲಿ ಒಂದು ಬಗೆಯ ಹಟ ಬಂದಿತ್ತು. ಒಳ್ಳೆಯ ಡ್ರೈವರು ಬಸ್ಸಿನ ಸದ್ದಿನಲ್ಲಿ ತಪ್ಪು ಹುಡುಕುವಾಗ ಬರುವ ಹಟ ಅದು. ಕಾಲೇಜು ಹುಡುಗಿಯರಲ್ಲಿ ಒಬ್ಬಳು ಧೈರ್ಯ ಮಾಡಿ, "ಎತ್ತೊಯ್ದಿಗಿಲು? ಅವರು ನಿಮ್ಮನ್ನ ಎತ್ಕೊಂಡು ಹೋಗ್ತಾರೆ ಅನ್ನೋ ದಿಗಿಲು" ಎಂದಳು.

ಚೌಡಪ್ಪ ಬಸ್ಸಿನ ಮೈಮೇಲೆ ಕೈಯಿಟ್ಟು ಹೇಳಿದ.

"ನನ್ನ ಎತ್ಕೊಂಡ್ ಹೋದ್ರೆ ಹೋಗ್ಲಿ ಬಿಡಮ್ಮ, ಐವತ್ತೆಂಟಾಯ್ತು. ಬಸ್ಸನ್ನೇ ಎತ್ಕೊಂಡೋದ್ರೆ? ಒಳಗೆ ನೀವೆಲ್ಲ ಕೂತಿರ್ತೀರಿ. ಸ್ಟೇರಿಂಗ್ ನನ್ ಕೈಲಿರುತ್ತೆ, ಚಕ್ರ ನೆಲದ ಮೇಲಿರಲ್ಲ. ಬ್ರೇಕ್ ಒತ್ತಿದ್ರೆ ಏನು ನಿಲ್ಲುತ್ತೆ? ನಿಮ್ ಮನೆಯೋರು ನನ್ನ ಕೇಳ್ತಾರೆ, ಎಲ್ಲಪ್ಪಾ ನಮ್ಮೋರು ಅಂತ. ನಾನ್ ಏನ್ ಹೇಳ್ಲಿ?"

ಯಾರೂ ನಗಲಿಲ್ಲ. ಅಲ್ಲಿಯವರೆಗೆ ನಾವು ಅವನ ಭಯವನ್ನು ಪುಕ್ಕಲುತನ ಎಂದುಕೊಂಡು ಅದಕ್ಕೆ ತಕ್ಕ ಹೆಸರು ಹುಡುಕುತ್ತಿದ್ದೆವು. ಅವನು ಪ್ರತಿ ಸಂಜೆ ಎಲ್ಲರನ್ನೂ ಇಳಿಸಿ ಖಾಲಿ ಬಸ್ಸನ್ನು ತಾನೊಬ್ಬನೇ ದಾಟಿಸುತ್ತಿದ್ದುದು ಯಾಕೆ ಎಂದು ಆಗ ಅರ್ಥವಾಯಿತು.

"ಬಸ್ಸೆತ್ತಿಗಿಲು" ಎಂದ ಆಂಜಿ, ತನಗೇ ಹೇಳಿಕೊಂಡಂತೆ. ಬಸ್ಸನ್ನು ಎತ್ತುತ್ತಾರೆ ಎಂಬ ದಿಗಿಲು.

"ಹಾಂ" ಎಂದ ಚೌಡಪ್ಪ, ತಲೆಯೆತ್ತಿ. "ಅದು. ಅದೇ ನೋಡು." ಅವನ ಮೀಸೆಯ ಕೆಳಗೆ ಒಂದು ಸಣ್ಣ ನಗು ಬಂತು. "ಬಸ್ಸೆತ್ತಿಗಿಲು" ಎಂದು ತಾನೂ ಒಂದು ಸಲ ಹೇಳಿ ನೋಡಿದ.

ಗಂಗುಲಮ್ಮ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದರು. "ಎತ್ತಿದ್ರೆ ಎತ್ಲಿ ಅಣ್ಣ. ನಾವೂ ಒಳಗಿರ್ತೀವಲ್ಲ, ನೀನೊಬ್ನೇನಾ? ಎಲ್ಲಿಗ್ ಬೇಕಾದ್ರೂ ಎತ್ಕೊಂಡೋಗ್ಲಿ, ಇವತ್ತು ನಿಂಗೆ ಊಟ ಹಾಕೋ ಸರದಿ ನಮ್ಮನೇದು. ಸರದಿ ತಪ್ಸಕ್ಕೆ ಅವ್ರ್ಯಾರು? ಹತ್ತು, ಸಾರು ಆರೋಗ್ತೈತೆ" ಎಂದರು. ಹೇಳಿ, ಉತ್ತರಕ್ಕೆ ಕಾಯದೆ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತರು. ಅವರ ಹಿಂದೆ ಹುಡುಗಿಯರು ಹತ್ತಿದರು. ನಡೆದು ಹೋಗಲು ಆಗಲೇ ನಾಲ್ಕು ಹೆಜ್ಜೆ ಹಾಕಿದ್ದವರೂ ಹಿಂದೆ ಬಂದು ಹತ್ತಿದರು. ನಾನೂ ಹತ್ತಿದೆ. ಚೌಡಪ್ಪ ಒಬ್ಬನೇ ಕೆಳಗೆ ಉಳಿದ.

ಬಲವಂತ ಮಾಡಬೇಡಿ ಎಂದಿದ್ದರು ಡಾಕ್ಟರ್. ನಾವು ಮಾಡಲಿಲ್ಲ. ಯಾರೂ ಕರೆಯಲೂ ಇಲ್ಲ, ಸುಮ್ಮನೆ ಕೂತಿದ್ದೆವು. ಪಡುವಣದಲ್ಲಿ ಇನ್ನೂ ಬೆಳಕಿತ್ತು. ಸ್ವಲ್ಪ ಹೊತ್ತಿಗೆ ಡ್ರೈವರ್ ಬಾಗಿಲು ತೆರೆದುಕೊಂಡಿತು. ಚೌಡಪ್ಪ ಕೂತು, ಕನ್ನಡಿಯಲ್ಲಿ ನಮ್ಮನ್ನೆಲ್ಲ ಹಿಂದಿನ ಸೀಟಿನವರೆಗೂ ನೋಡಿ, "ಹೆಸರು ಹೇಳ್ತಾ ಇರ್ರಿ" ಎಂದ.

ಹೇಳಿದೆವು. ಬಸ್ಸು ಕಟ್ಟೆಯ ಮೇಲೆ ಎತ್ತಿನ ಗಾಡಿಯ ವೇಗದಲ್ಲಿ ಹೋಯಿತು. ಪಳ್ಳೆಂದಡ, ಚುಕ್ಕಿಚಳಿ, ಮುಗಿಲ್‌ಗಾಬರಿ, ಲೈಟುಸಾಲುಲಬಲಬ, ಬಾಯಿಗೆ ಬಂದದ್ದೆಲ್ಲ ಕೂಗಿದೆವು. ನಾನು ನನ್ನ ಸರ್ಕ್ಯುಲರನ್ನೂ ಮತ್ತೊಮ್ಮೆ ಓದಿದೆ. ಚೌಡಪ್ಪ ಕಣ್ಣನ್ನು ರಸ್ತೆಯಿಂದ ತೆಗೆಯದೆ "ಆಗಲ್ಲ", "ಇದೂ ಆಗಲ್ಲ", "ಇದು ಪರವಾಗಿಲ್ಲ" ಎಂದು ತೀರ್ಪು ಕೊಡುತ್ತ ಹೋದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಾಲು ಮಾತ್ರ ಕಲ್ಲಾಗಲಿಲ್ಲ. ಕಟ್ಟೆ ಮುಗಿದು ಊರಿನ ಮೊದಲ ಮನೆ ಬಂದಾಗ ಬಸ್ಸಿನಲ್ಲಿ ಎದ್ದ ಕೇಕೆಗೆ ಬೀದಿನಾಯಿಗಳು ಓಡಿದವು. ಅವತ್ತು ಗಂಗುಲಮ್ಮನ ಮನೆಯಲ್ಲಿ ಸಾರು ಬಿಸಿಯಾಗಿಯೇ ಇತ್ತು. ನನಗೂ ಒಂದು ಮುದ್ದೆ ಹಾಕಿದರು, ಬೇಡವೆಂದರೂ ಎರಡನೆಯದನ್ನೂ ಹಾಕಿದರು.

ಆ ವಾರದ ಉಳಿದ ಸಂಜೆಗಳಲ್ಲೂ ನಾನು ಹೋದೆ. ಬಸ್ಸು ಪ್ರತಿ ದಿನ ದಾಟಿತು, ದಿನದಿನಕ್ಕೂ ಸ್ವಲ್ಪ ಹೆಚ್ಚು ವೇಗದಲ್ಲಿ. ಡಾಕ್ಟರಿಗೆ ಮತ್ತೆ ತೋರಿಸಿದೆವು. ಅವರು ಸರಿಯಾಗಿದೆ ಎಂದರು. ಬಸ್ಸೆತ್ತಿಗಿಲು ಎಂಬ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ನಕ್ಕು, ತಮ್ಮ ಡೈರಿಯಲ್ಲಿ ಬರೆದುಕೊಂಡರು. ನಾನು ಮ್ಯಾನೇಜರಿಗೆ ಎಲ್ಲವನ್ನೂ ವರದಿ ಮಾಡಿದೆ. "ಟೈಮಿಗೆ ಸೇರ್ತಿದೆಯಾ?" ಎಂದು ಕೇಳಿದರು. ಸೇರುತ್ತಿದೆ ಎಂದೆ. "ಹಂಗಾದ್ರೆ ಆಯ್ತು. ನೀವಿಟ್ಟ ಹೆಸರು ಯಾವುದು?" ಎಂದರು. ಅಜ್ಞಾತಗಗನಯಾನಭೀತಿ ಎಂದೆ. ನೋಟಿಸ್ ಬೋರ್ಡಿನ ಕಡೆ ನೋಡಿ ಅವರೂ ನಕ್ಕರು.

ಅದಾದ ಮುಂದಿನ ವರ್ಷ ನಾನು ನಿವೃತ್ತನಾಗಿ ನನ್ನೂರಾದ ದೇವರಾಯಸಮುದ್ರಕ್ಕೆ ಬಂದು ನೆಲೆಸಿದೆ. ಅದರ ಮರುವರ್ಷ ಚೌಡಪ್ಪನ ಸರದಿ. ಅವನ ಕೊನೆಯ ಟ್ರಿಪ್ಪಿಗೆ ನೀವು ಬರಲೇಬೇಕು ಸಾರ್ ಎಂದು ಆಂಜಿ ಫೋನ್ ಮಾಡಿದ. ಹೋದೆ. ಬಸ್ಸಿನ ಮುಂಭಾಗಕ್ಕೆ ಸೇವಂತಿಗೆ ಹಾರ, ಬಾನೆಟ್ ಮೇಲೆ ಮಾವಿನ ಸೊಪ್ಪು. ರಾಯಲ್ಪಾಡು ದಾಟಿದ್ದೇ ಹಿಂದಿನ ಸೀಟಿನಿಂದ ಹೆಸರುಗಳು ಶುರುವಾದವು. ಈಗ ಕೂಗುತ್ತಿದ್ದವರು ಹೊಸ ಹುಡುಗಿಯರು. ಕಟ್ಟೆ ದಾಟುವಾಗ ಹೊಸ ಹೊಸ ಹೆದರಿಕೆಯ ಹೆಸರು ಕೂಗುವುದು ಈ ಬಸ್ಸಿನ ವಾಡಿಕೆ ಎಂದಷ್ಟೇ ಅವರಿಗೆ ಗೊತ್ತು, ಯಾಕೆ ಎಂದು ಗೊತ್ತಿಲ್ಲ. ಪರೀಕ್ಷೆಯ ಹೆದರಿಕೆಗೆ, ಅತ್ತೆಯ ಹೆದರಿಕೆಗೆಲ್ಲ ಹೆಸರುಗಳಿದ್ದವು. ಚೌಡಪ್ಪ ಹಿಂದಿನಂತೆಯೇ "ಆಗಲ್ಲ", "ಪರವಾಗಿಲ್ಲ" ಎನ್ನುತ್ತಿದ್ದ.

ಕಟ್ಟೆ ದಾಟಿ ಅಗಲವಾದ ಜಾಗಕ್ಕೆ ಬಂದಾಗ ಒಬ್ಬಳು ಕಿಟಕಿಯಿಂದ ಕೈ ಚಾಚಿ ಕೂಗಿದಳು. ಮುಸ್ಸಂಜೆಯ ಆಕಾಶದಲ್ಲಿ ದೀಪಗಳ ಸಾಲು. ಒಂದರ ಹಿಂದೆ ಒಂದು, ಸದ್ದಿಲ್ಲದೆ ಮೇಲೇರುತ್ತಿದ್ದವು. ಚೌಡಪ್ಪ ಬಸ್ಸನ್ನು ನಿಧಾನವಾಗಿ ಬದಿಗೆ ತಂದು ನಿಲ್ಲಿಸಿದ. ಎಲ್ಲರೂ ಫೋನ್ ಹಿಡಿದುಕೊಂಡು ಇಳಿದರು. ಗಂಗುಲಮ್ಮ ಕೂಡ ಹಣೆಗೆ ಕೈಯಿಟ್ಟು ಮೇಲೆ ನೋಡುತ್ತ ಇಳಿದರು. ಚೌಡಪ್ಪ ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ, ಕಣ್ಣು ನೇರ ರಸ್ತೆಯ ಮೇಲೆ. ಅವನ ಕಾಲು ನೋಡಿದೆ, ಬ್ರೇಕನ್ನು ಅಮುಕಿ ಹಿಡಿದಿತ್ತು.

"ಇನ್ನೂ ಇದೆಯೇನೋ?" ಎಂದು ಕೇಳಿದೆ.

"ಎಲ್ಲಿ ಹೋಗುತ್ತೆ ಸಾರ್. ಒಂದು ದಿನಾನೂ ಬಿಟ್ಟಿಲ್ಲ. ದಿನಾ ಜೊತೇಲೇ ಬರುತ್ತೆ" ಎಂದ. "ನೀವು ಹೋಗಿ ನೋಡ್ಕೊಂಡು ಬನ್ನಿ. ಬಸ್ ನಾನ್ ನೋಡ್ಕೋತೀನಿ."

ಅಷ್ಟು ಸಂಜೆಗಳಲ್ಲಿ ಅವನ ಭಯ ಹೋಗಿದೆ ಎಂದೇ ನಾನು ತಿಳಿದಿದ್ದೆ. ಹೋಗಿರಲಿಲ್ಲ. ಅದನ್ನು ಕೂರಿಸಿಕೊಂಡೇ ಅವನು ಒಂದು ದಿನವೂ ತಡಮಾಡದೆ ಕೊತ್ತೂರಿನವರನ್ನು ಮನೆ ಸೇರಿಸಿದ್ದ. ಟೈಮ್ ನೋಡಿಕೊಂಡೇ ಸರ್ವೀಸ್ ಕಳೆದ ನನಗೆ ಕೆಲಸ ಕಲಿಸಿದ್ದು ಇಷ್ಟು: ಹೆದರಿಕೆ ಮೊದಲು ಇಳಿಯಲಿ, ಆಮೇಲೆ ಬಸ್ಸು ಹೊರಡಲಿ ಎಂದು ಕಾದರೆ ಯಾವ ಬಸ್ಸೂ ಹೊರಡುವುದಿಲ್ಲ. ಅದಕ್ಕೆ ಹೊಂದುವ ಒಂದು ಚಿಕ್ಕ ಹೆಸರಿಟ್ಟು, ಪಕ್ಕದಲ್ಲಿ ನಾಲ್ಕು ಜನ ಕೂತರೆ ಸಾಕು.

ನಾನು ಇಳಿಯಲಿಲ್ಲ. ಬಾನೆಟ್ ಪಕ್ಕದ ನನ್ನ ಹಳೆಯ ಸೀಟಿನಲ್ಲೇ ಕೂತೆ. ದೀಪಗಳು ಒಂದೊಂದಾಗಿ ಮಾಯವಾದವು, ಜನ ಮಾತಾಡುತ್ತ ಹಿಂದೆ ಬಂದು ಹತ್ತಿದರು. ಚೌಡಪ್ಪ ಕನ್ನಡಿಯಲ್ಲಿ ಹಿಂದಿನ ಸೀಟಿನವರೆಗೂ ನೋಡಿದ.

"ಎಲ್ರೂ ಬಂದ್ರೇನಮ್ಮ?" ಎಂದು ಕೇಳಿದ.

"ಬಂದ್ವಿ ಅಣ್ಣ. ನಡಿ, ಸಾರು ಆರೋಗ್ತೈತೆ" ಎಂದರು ಗಂಗುಲಮ್ಮ. ಅವನು ಬ್ರೇಕಿನಿಂದ ಕಾಲು ತೆಗೆದ.